ಪೆಟ್ಟಿಗೆಯ ಭಾರ

ಹೊರ್ತಿಯ ನಮ್ಮ ನಿಂಬೆ ತೋಟದಲ್ಲಿ ಒಂದೇ ಒಂದು ಜೇನು ಪೆಟ್ಟಿಗೆ ಇದೆ. ತಂದವಳು ನಾನು. ಬೇಡ ಎಂದವರು ನಮ್ಮ ಅತ್ತೆ. ಮೊದಲ ವರ್ಷ ತೊಗರಿ ಹೂ ಮುಗಿಯುತ್ತಲೇ ನಾನು ಪೆಟ್ಟಿಗೆಯ ಮೇಲಿನ ಅಂತಸ್ತಿನ ಜೇನುತುಪ್ಪವನ್ನೆಲ್ಲ ತೆಗೆದುಬಿಟ್ಟೆ. ಓಣಿಯ ಮನೆಮನೆಗೂ ಬಟ್ಟಲು ಕಳಿಸಿ ಬಡಾಯಿ ಕೊಚ್ಚಿಕೊಂಡೆ. ಅತ್ತೆ ಬೆರಳು ನೆಕ್ಕುತ್ತಲೇ ಕೇಳಿದರು, “ಅವಕ್ಕ ಏನರ ಉಳಿಸಿದಿ ಇಲ್ಲೊ?”

“ಹೂವಿಗೇನು ಬರ ಐತೇನ್ರಿ ಅತ್ತಿ?” ಎಂದೆ.

ಬರವಿತ್ತು. ತೊಗರಿ ಕಾಯಿ ಕಟ್ಟಿತ್ತು, ಕುಸುಬಿ ಇನ್ನೂ ಮೊಗ್ಗಿನಲ್ಲಿತ್ತು, ಮೇಲೆ ಮೈ ಕೊರೆಯುವ ಚಳಿ. ಎಳ್ಳಮಾವಾಸ್ಯೆಗೆ ನಾಲ್ಕು ದಿನವಿರುವಾಗ ಪೆಟ್ಟಿಗೆಯ ಹಿಂಬದಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿದೆ. ಒಳಗೆ ಎಷ್ಟು ತುಪ್ಪವಿದೆ ಎಂದು ತಿಳಿಯಲು ಮುಚ್ಚಳ ತೆಗೆಯುವ ಮೊದಲು ಹೀಗೆ ಭಾರ ನೋಡುತ್ತಾರೆ. ಅದು ಖಾಲಿ ಬುಟ್ಟಿಯ ಹಾಗೆ ಮೇಲೆದ್ದಿತು. ಬಿಸಿಲೇರುವ ತನಕ ಕಾದು ಮುಚ್ಚಳ ತೆಗೆದೆ. ಮೇಣದ ಎರಿಯ ಅಂಚಿನಲ್ಲಿ ಎರಡು ಬೆರಳಗಲ ತುಪ್ಪ, ಅಷ್ಟೇ. ಹುಳುಗಳು ಒಂದಕ್ಕೊಂದು ಒತ್ತಿಕೊಂಡು ಸಪ್ಪಗೆ ಕೂತಿದ್ದವು. ಕುಸುಬಿ ಅರಳುವ ತನಕ ಇವು ಬದುಕುವುದಿಲ್ಲ ಅನಿಸಿತು. ಓಣಿಗೆ ಹಂಚಿದ ಬಟ್ಟಲುಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಅಂದು ಸಂಜೆಯೇ ಸಕ್ಕರೆ ನೀರು ಕಾಯಿಸಿ, ಆರಿಸಿ, ತೆಂಗಿನ ಕರಟದಲ್ಲಿ ಹಾಕಿ ಒಳಗಿಟ್ಟೆ. ಹುಳು ಮುಳುಗದಿರಲಿ ಎಂದು ಜೋಳದ ದಂಟಿನ ಚೂರು ತೇಲಿಬಿಟ್ಟೆ. ಬೆಳಗಾಗುವಷ್ಟರಲ್ಲಿ ಕರಟ ಒಣಗಿತ್ತು. ದಿನಾ ಇದೇ ನನ್ನ ಕೆಲಸವಾಯಿತು.

ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ತೋಟದ ಪಕ್ಕದ ಹೊಲದಲ್ಲಿ ಉಂಡೆವು. ಅತ್ತೆ ಪದ್ಧತಿಯಂತೆ ಹೊಲದ ತುಂಬ ಅನ್ನ, ಕಡಬು ಚೆಲ್ಲುತ್ತ ಚರಗ ಹಾಕಿದರು. ಮರುದಿನ ನೋಡಿದರೆ ಪೆಟ್ಟಿಗೆಯ ಅಡಿಯಲ್ಲಿ ಒಂದು ಶೇಂಗಾ ಹೋಳಿಗೆ. ಅದಕ್ಕೆ ಬಂದ ಇರುವೆಗಳು ಪೆಟ್ಟಿಗೆ ಇಟ್ಟ ಸ್ಟ್ಯಾಂಡಿನ ಕಾಲು ಹತ್ತಿ ಸಾಲಾಗಿ ಒಳಗೇ ನುಗ್ಗುತ್ತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು.

“ಇಲ್ಲಿ ಹೋಳಿಗಿ ಇಡಾಕ ಯಾರು ಹೇಳಿದ್ರು ನಿಮಗ?”

“ಭೂಮಿತಾಯಿಗೆ ಹಾಕೇನಿ, ಹಕ್ಕಿಗೆ ಹಾಕೇನಿ. ಉಪಾಸ ಇದ್ದಾವಕ್ಕ ಬ್ಯಾಡೇನು?” ಅತ್ತೆಯ ದನಿ ಏರಲಿಲ್ಲ. “ನಾ ಕೊಟ್ಟು ತಪ್ಪು ಮಾಡಿದೆ. ನೀ ಕಸಗೊಂಡು ಮಾಡಿದಿ.”

ಅವರೇ ಇರುವೆಗಳನ್ನು ಗುಡಿಸಿದರು. ಅಡುಗೆಮನೆಯಿಂದ ನಾಲ್ಕು ಬಟ್ಟಲು ತಂದು ಸ್ಟ್ಯಾಂಡಿನ ನಾಲ್ಕು ಕಾಲಿಗೂ ಇಟ್ಟು ನೀರು ತುಂಬಿದರು. ಆಮೇಲೆ ಸಕ್ಕರೆ ನೀರು ನನ್ನ ಪಾಲು, ಬಟ್ಟಲ ನೀರು ಅವರ ಪಾಲು. ಹದಿನೈದು ದಿನ ದಾಟಿರಬೇಕು, ಕುಸುಬಿ ಅರಳಿತು. ಹುಳುಗಳು ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಬರುವುದನ್ನು ನೋಡುತ್ತ ನಾವಿಬ್ಬರೂ ಬದುವಿನ ಮೇಲೆ ಕೂತೇ ಇದ್ದೆವು. ರೊಟ್ಟಿ ಬಡಿಯುವ ಹೊತ್ತೂ ಮೀರಿತ್ತು.

ಈ ವರ್ಷ ತೊಗರಿಯ ತುಪ್ಪದಲ್ಲಿ ಅರ್ಧ ಮಾತ್ರ ತೆಗೆದೆ. ಓಣಿಯವರು ಬಟ್ಟಲು ಎಲ್ಲಿ ಎಂದು ಕೇಳಿದರು, ನಕ್ಕುಬಿಟ್ಟೆ. ಎಳ್ಳಮಾವಾಸ್ಯೆಯಂದು ಚರಗ ಮುಗಿಸಿ ಬಂದ ಅತ್ತೆಯ ಕೈಯಲ್ಲಿ ಒಂದು ಹೋಳಿಗೆ ಉಳಿದಿತ್ತು. ಸೆರಗು ಸಿಗಿಸಿ, ಇನ್ನೊಂದು ಕೈಯಿಂದ ಪೆಟ್ಟಿಗೆಯ ಹಿಂಬದಿ ಹಿಡಿದು ಎತ್ತಿದರು. ಅದು ಕದಲಲಿಲ್ಲ. ಮತ್ತೊಮ್ಮೆ ಎತ್ತಿದರು.

“ಏಳವಲ್ದವ್ವಾ,” ಎಂದು, ಆ ಹೋಳಿಗೆಯನ್ನು ನನ್ನ ಕೈಗೆ ಕೊಟ್ಟರು. “ತಗೋ, ಇದನ್ನ ನೀನ ತಿನ್ನು.”