ಹೊಳೆ ಏರಿ ತವರಿಗೆ

ಆಗ ನಾವು ಆಕ್ಲೆಂಡಿನಿಂದ ಬಹು ದೂರ, ದಕ್ಷಿಣ ದ್ವೀಪದ ಒಂದು ಚಿಕ್ಕ ಊರಿನಲ್ಲಿದ್ದೆವು. ಫೆಬ್ರುವರಿ ಬಂತೆಂದರೆ ಬೀದಿಗೆಲ್ಲ ಕೊಯ್ದ ಹುಲ್ಲಿನ ವಾಸನೆ. ನಾನೂ ತಮ್ಮನೂ ಹೊಳೆದಂಡೆಯ ಚಪ್ಪಟೆ ಕಲ್ಲುಗಳನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆದು ಆಡುತ್ತಿದ್ದೆವು. ಸಾಲ್ಮನ್ ಮೀನುಗಳು ಸಮುದ್ರದಿಂದ ಆ ಹೊಳೆಗೆ ಏರಿ ಬರುವ ಕಾಲವೂ ಅದೇ.

ಪಕ್ಕದ ಮನೆಯ ರಾನ್ ಅಂಕಲ್ ಹೊಳೆ ಸಮುದ್ರ ಸೇರುವಲ್ಲಿ ಬಲೆ ಹಾಕುತ್ತಿದ್ದರು. ನಾವು ಆ ಊರಿಗೆ ಬಂದ ಹೊಸತರಲ್ಲಿ ಒಂದು ಬಕೆಟ್ ಮೀನು ತಂದುಕೊಟ್ಟರು. ನಮ್ಮ ಮನೆಯೊಳಗೆ ಮೊಟ್ಟೆಯೂ ಬರುತ್ತಿರಲಿಲ್ಲ. ಆದರೆ ಬೇಡವೆನ್ನಲು ಅವ್ವನಿಗೆ ಬಾಯಿ ಬರಲಿಲ್ಲ. ಮೀನು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಭಟ್ಕಳದ ನಜೀರ್ ಅಂಕಲ್ ಮನೆಗೆ ಹೋಯಿತು.

“ಮಂದಿ ಬಕೆಟ್ಟು ಖಾಲಿ ಹೆಂಗ ಕೊಡೂದು?” ಎಂದು ಅವ್ವ ಅದನ್ನು ತಿಕ್ಕಿ ತೊಳೆದು, ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಟ್ಟು ಕಳಿಸಿದಳು. ಇವರಿಗೆ ಮೀನು ಸೇರಿತು ಎಂದುಕೊಂಡ ರಾನ್ ಅಂಕಲ್ ಮುಂದಿನ ವಾರ ಇನ್ನೂ ಹೆಚ್ಚು ತಂದರು. ಅವ್ವ ಮತ್ತೆ ರೊಟ್ಟಿ ಕಳಿಸಿದಳು.

“ನಿನ್ನ ರೊಟ್ಟಿ ಸಲುವಾಗಿ ಹೊಳಿ ಖಾಲಿ ಆಗ್ತೈತಿ ನೋಡು,” ಎಂದು ಅಪ್ಪ ನಗುತ್ತಿದ್ದ.

ಒಂದು ಶನಿವಾರ ಬಕೆಟ್ಟಿನಲ್ಲಿ ದೊಡ್ಡದೊಂದು ಬೆಳ್ಳಿಬಣ್ಣದ ಮೀನಿತ್ತು. “ಸಾಲ್ಮನ್. ಬಲೆಗೆ ತಪ್ಪಿ ಬಿದ್ದಿತ್ತು, ಬಿಡಿಸೋದ್ರೊಳಗೆ ಸತ್ತುಹೋಗಿತ್ತು,” ಎಂದರು ರಾನ್ ಅಂಕಲ್. ಸಂಜೆ ನಜೀರ್ ಅಂಕಲ್ ಬಂದು ನಮ್ಮ ಹಿತ್ತಲ ನಲ್ಲಿಯ ಬಳಿ ಅದನ್ನು ಸೀಳಿದರು. ಹೊಟ್ಟೆಯ ತುಂಬ ಕಿತ್ತಳೆ ಬಣ್ಣದ ಮಣಿಗಳು.

“ಏನಿವು?”

“ಮೊಟ್ಟೆ, ಭಾಭಿ. ತಾನು ಹುಟ್ಟಿದ ಜಾಗಕ್ಕೇ ವಾಪಸ್ ಹೋಗಿ ಇಡ್ತದೆ ಇದು.”

ಅವ್ವ ನಲ್ಲಿ ನಿಲ್ಲಿಸಿದಳು. “ಹಡಿಯಾಕ ತವರಿಗೆ ಹೊಂಟಿತ್ತೇನು?”

ಈ ದೇಶಕ್ಕೆ ಬಂದ ಮೇಲೆ ತಮ್ಮ ಹುಟ್ಟುವಾಗ ಅವ್ವ ತವರಿಗೆ ಹೋಗಿರಲಿಲ್ಲ. ವೀಸಾ, ಅಪ್ಪನ ರಜೆ, ಏನೋ ಒಂದು. ಆ ಮಾತನ್ನು ಅವಳು ಎಂದೂ ಎತ್ತುತ್ತಿರಲಿಲ್ಲ.

ಅದೇ ತಿಂಗಳು ಊರ ಹಾಲ್‌ನಲ್ಲಿ ಸಭೆ ಸೇರಿತು. ಸಾಲ್ಮನ್ ಏರುವ ತಿಂಗಳುಗಳಲ್ಲಿ ಹೊಳೆಬಾಯಿಯ ಬಲೆಗಳನ್ನು ತೆಗೆಯಬೇಕೇ ಬೇಡವೇ ಎಂದು ಊರವರೇ ಕೈಯೆತ್ತಿ ಹೇಳಬೇಕಿತ್ತು. “ಬರ್ತೀರಲ್ಲ? ನನ್ನ ಮೀನು ತಿಂದೋರು ನೀವು,” ಎಂದು ರಾನ್ ಅಂಕಲ್ ಬೇಲಿಯಾಚೆಯಿಂದ ಕಣ್ಣು ಮಿಟುಕಿಸಿದ್ದರು.

ತೆಗೆಯಬೇಕು ಎನ್ನುವವರು ಕೈಯೆತ್ತಿ ಎಂದಾಗ ಅವ್ವನ ಹಸಿರು ಬಳೆಯ ಕೈ ಮೇಲೆದ್ದಿತು. ಮುಂದಿನ ಸಾಲಿನಲ್ಲಿದ್ದ ರಾನ್ ಅಂಕಲ್ ತಿರುಗಿ ನೋಡಿದರು. ಅವ್ವ ನನ್ನ ಮೊಣಕೈ ತಿವಿದಳು.

“ಇಂಗ್ಲಿಷ್‌ನ್ಯಾಗ ಹೇಳು ಅವರಿಗೆ. ಬ್ಯಾರೆ ತಿಂಗಳ ಹಿಡೀಲಿ. ಬಸುರಿ ತವರಿಗೆ ಹೋಗೂ ಹಾದ್ಯಾಗ ಬಲಿ ಕಟ್ಟಬಾರ್ದು.”

ಎದ್ದು ನಿಂತೆ. ತವರು ಎನ್ನುವುದಕ್ಕೆ ನನ್ನ ಬಳಿ ಇಂಗ್ಲಿಷ್ ಇರಲಿಲ್ಲ. ಅವು ಮಗು ಹೆರಲು ತಮ್ಮ ಅಮ್ಮನ ಮನೆಗೆ ಹೋಗುತ್ತಿವೆಯಂತೆ ಎಂದೆ. ಕೆಲವರು ನಕ್ಕರು. ರಾನ್ ಅಂಕಲ್ ನಗಲಿಲ್ಲ.

“ನಾವು ಮೀನ ತಿನ್ನೂದಿಲ್ಲ ಅಂತನೂ ಹೇಳಿಬಿಡು,” ಎಂದಳು ಅವ್ವ. ಅದನ್ನೂ ಹೇಳಿದೆ. ಈಗ ಹಾಲ್ ಪೂರ್ತಿ ನಕ್ಕಿತು. ರಾನ್ ಅಂಕಲ್‌ ಮುಖ ಕಿವಿಯವರೆಗೂ ಕೆಂಪಾಯಿತು. ತೆಗೆಯಬೇಕು ಎಂದಾಗಲೂ ಬೇಡ ಎಂದಾಗಲೂ ಅಪ್ಪ ಕೈಯೆತ್ತಲಿಲ್ಲ.

ಬಲೆ ತೆಗೆಯಬೇಕೆಂದಾಯಿತು.

ಆಮೇಲೆ ಬಕೆಟ್ಟು ಬರಲಿಲ್ಲ. ರೊಟ್ಟಿ ಬಡಿಯುವಾಗೆಲ್ಲ ಅವ್ವ ಕಿಟಕಿಯಿಂದ ಬೇಲಿಯ ಕಡೆ ನೋಡುತ್ತಿದ್ದಳು. ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಅದೇ ಬಕೆಟ್ಟು, ತುಂಬ ಮಣ್ಣು ಮೆತ್ತಿದ ಆಲೂಗಡ್ಡೆ.

“ಇದನ್ನಾದ್ರೂ ತಿಂತೀರಾ?” ಎಂದು ಬೇಲಿಯಾಚೆಯಿಂದ ಕೇಳಿತು.

ಅವ್ವ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ನಾನೀಗ ಆಕ್ಲೆಂಡಿನಲ್ಲಿ, ಹಿಲ್ಸ್‌ಬರೋದಲ್ಲಿದ್ದೇನೆ. ನನ್ನ ಹೆರಿಗೆಯ ದಿನ ಹತ್ತಿರ ಬರುತ್ತಿದೆ. “ಇಲ್ಲೇ ಬಾರವ್ವ, ಬಾಣಂತನ ನಾ ಮಾಡ್ತೀನಿ,” ಎನ್ನುತ್ತಾನೆ ಅಪ್ಪ ಫೋನಿನಲ್ಲಿ. ಬಲೆ ಇಲ್ಲದಿದ್ದರೂ ಹೊಳೆಗೆ ಬರುವ ಸಾಲ್ಮನ್ ಈಚೆಗೆ ಕಡಿಮೆಯಂತೆ. ರಾನ್ ಅಂಕಲ್ ಮಾತ್ರ ಈಗಲೂ ಆಲೂಗಡ್ಡೆ ತಂದಿಡುತ್ತಾರಂತೆ. ಅಪ್ಪನಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಬಕೆಟ್ಟನ್ನು ತಿಕ್ಕಿ ತೊಳೆದು, ಖಾಲಿಯೇ ಕೊಟ್ಟು ಬರುತ್ತಾನೆ.