ಇಲೋನಾ ಬೊದ್ನಾರ್ ಹರಿದ ಪೊಟ್ಟಣ

ಫೆಬ್ರುವರಿಯ ಎರಡನೆಯ ಶನಿವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇಲೋನಾ ಬೊದ್ನಾರ್ ಅಮೆರಿಕದ ಟೊಲೀಡೊದಲ್ಲಿ ನದಿಯ ಪೂರ್ವ ದಂಡೆಯ ಚರ್ಚ್ ಸಭಾಂಗಣದಲ್ಲಿ ಮಂಡಿಯೂರಿ, ಮೂರಡಿ ಉದ್ದದ ಕಬ್ಬಿಣದ ಕೊಳವೆಯೊಂದನ್ನು ತಮ್ಮ ಮೇಜಿನ ಕಾಲಿಗೆ ನೆಟ್ಟಗೆ ಕಟ್ಟುತ್ತಿದ್ದರು. ಕೊಳವೆಯ ಬಾಯಿಯ ಕೆಳಗೆ, ನೆಲದ ಮೇಲೆ, ಎರಡು ಉಕ್ಕಿನ ದಿಮ್ಮಿಗಳಿದ್ದವು. ನಡುವೆ ಎರಡು ಬೆರಳಿನಷ್ಟು ಸಂದು.

“ಏನ್ರೀ ಇಲೋನಾ, ಚರ್ಚಿಗೆ ಹೊಸ ಹೊಗೆಗೂಡು ಕಟ್ತಿದ್ದೀರಾ?” ಕಾಫಿ ಲೋಟ ಹಿಡಿದು ಬಂದ ಗಿಲ್ ಸ್ಟೌಫರ್ ಕೇಳಿದ. ಊರಿನಲ್ಲಿ ಆಟದ ಗಾಡಿಗಳ ಬಿಡಿಭಾಗ ಮಾರುವ ಅಂಗಡಿ ಅವನದು. ಅಂಚೆಯಲ್ಲಿ ದೇಶದ ತುಂಬ ಕಳಿಸುತ್ತಾನೆ.

“ನಿನ್ನ ಬಾಯಿಗೆ ಮುಚ್ಚಳ ಮಾಡ್ತಿದ್ದೀನಿ. ಆ ಹಗ್ಗ ಹಿಡ್ಕೋ.”

ಗಿಲ್ ಲೋಟ ಕೆಳಗಿಟ್ಟು ಹಗ್ಗ ಹಿಡಿದ.

ರೇಡಿಯೋದಿಂದ ಓಡಿಸುವ ಟ್ರಕ್ಕುಗಳ ನಮ್ಮ ಕ್ಲಬ್ಬು ವರ್ಷಕ್ಕೊಮ್ಮೆ ನಡೆಸುವ ಮಾರಾಟ ಅದು. ಟ್ರಕ್ಕು ಎಂದರೆ ಮೊಣಕಾಲೆತ್ತರಕ್ಕೆ ಬರುವ ಗಾಡಿ. ಒಡಲಿಗೆ ಮೀರಿದ ಚಕ್ರ, ನಾಲ್ಕೂ ಚಕ್ರಕ್ಕೆ ಎಳೆತ. ಓಡಿಸುವವರು ಮಾತ್ರ ಮೊಮ್ಮಕ್ಕಳಿರುವ ಜನ. ಗಾಡಿಯ ಜೊತೆ ಬರುವ ಆಕ್ಸಲ್, ಅಂದರೆ ಚಕ್ರ ತಿರುಗಿಸುವ ಉಕ್ಕಿನ ಕಡ್ಡಿ, ಈಗಿನ ಬಲವಾದ ಮೋಟಾರಿಗೆ ಸಾಲದು. ಹಾಗಾಗಿ ಹೊರಗಿನವರು ಮಾಡಿದ ಗಟ್ಟಿ ಆಕ್ಸಲ್ ಹುಡುಕುವುದೇ ನಮ್ಮಲ್ಲಿ ಅರ್ಧ ಆಟ. ಅವುಗಳಲ್ಲಿ ಎಲ್ಲರೂ ಬಾಯಿ ಬಿಡುವುದು ‘ಹೆರನ್’ ಆಕ್ಸಲ್‌ಗೆ. ಎಂಬತ್ತೊಂಬತ್ತರಲ್ಲಿ ಇಬ್ಬರು ಅಣ್ಣತಮ್ಮಂದಿರು ತಮ್ಮ ಗ್ಯಾರೇಜಿನಲ್ಲಿ ಕೆಲವು ನೂರು ಜೋಡಿ ಮಾಡಿ, ಪೊಟ್ಟಣದ ಮೇಲೆ ಕೊಕ್ಕರೆಯ ಚಿತ್ರ ಅಚ್ಚು ಹಾಕಿಸಿ ಮಾರಿ, ಕೆಲಸ ನಿಲ್ಲಿಸಿದರು. ಪೊಟ್ಟಣ ಬಿಚ್ಚದ ಹೆರನ್ ಜೋಡಿಗೆ ಆ ವರ್ಷ ಮುನ್ನೂರು ಡಾಲರ್ ನಡೆಯುತ್ತಿತ್ತು. ಇಲೋನಾ ಮಾಡುತ್ತಿದ್ದ ಅದೇ ಅಳತೆಯ ಜೋಡಿ ಮೂವತ್ತಕ್ಕೆ ಸಿಗುತ್ತಿತ್ತು, ಮತ್ತು ಸಾಕಷ್ಟು ಹೋಗುತ್ತಿರಲಿಲ್ಲ.

ಹೋಗದಿರುವುದಕ್ಕೆ ಕಾರಣ ಅರ. ನಮ್ಮಲ್ಲಿ ಆಕ್ಸಲ್ ಕೊಳ್ಳುವವರು ಜೇಬಿನಲ್ಲಿ ಕಬ್ಬಿಣ ಉಜ್ಜುವ ಸಣ್ಣದೊಂದು ಅರ ಇಟ್ಟುಕೊಂಡೇ ಬರುತ್ತಾರೆ. ಮೇಜಿನ ಮೇಲಿನ ಆಕ್ಸಲ್ ಎತ್ತಿ ತುದಿಯ ಮೇಲೆ ಒಮ್ಮೆ ಎಳೆಯುತ್ತಾರೆ. ಅರ ಜಾರಿದರೆ ‘ಗಟ್ಟಿ’, ಕಚ್ಚಿದರೆ ‘ಬೆಣ್ಣೆ’. ಪೊಟ್ಟಣದಿಂದ ಹೊರಬಿದ್ದ ಒಂದೆರಡು ಹೆರನ್‌ಗಳ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಇಲೋನಾ ಅವರದರ ಮೇಲೆ ತುಸು ಕಚ್ಚುತ್ತದೆ. ಕಚ್ಚಲೇಬೇಕು, ಅವರು ಹಾಗೆಂದೇ ಮಾಡುತ್ತಾರೆ.

ಹತ್ತೊಂಬತ್ತನೆಯ ವಯಸ್ಸಿಗೆ ಅವರು ಊರಿನ ಆಕ್ಸಲ್ ಕಾರ್ಖಾನೆಯ ಕುಲುಮೆ ವಿಭಾಗಕ್ಕೆ ಸೇರಿದ್ದರು. ಅಪ್ಪ ಎರಕದ ಕಾರ್ಖಾನೆಯವರು. ಮಗಳು ಬಿಸಿಗೆ ಹೆದರುವವಳಲ್ಲ ಎಂದು ಅವರೇ ಮೇಸ್ತ್ರಿಯ ಹತ್ತಿರ ಮಾತಾಡಿದ್ದರು. ಅಲ್ಲಿ ನಿಜವಾದ ಜೀಪುಗಳ ಆಕ್ಸಲ್‌ಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ ಮತ್ತೆ ಮೆಲ್ಲಗೆ ಕಾಯಿಸಿ, ಬಂದ ಗಡಸನ್ನು ಬೇಕಾದಷ್ಟು ಇಳಿಸುತ್ತಿದ್ದರು. ಈ ಎರಡನೆಯ ಕಾಯಿಸುವಿಕೆ ಬಿಟ್ಟರೆ ಉಕ್ಕು ಅರಕ್ಕೆ ಜಗ್ಗುವುದಿಲ್ಲ, ಆದರೆ ಪೆಟ್ಟು ಬಿದ್ದರೆ ಮುರಿಯುತ್ತದೆ. ಆ ವಿಭಾಗದಲ್ಲಿ ಇನ್ನೊಂದು ನಿಯಮವಿತ್ತು: ಕುಲುಮೆಯಿಂದ ಬಂದ ಪ್ರತಿ ಬುಟ್ಟಿಯಿಂದ ಒಂದು ತುಂಡನ್ನು ತೆಗೆದು ತೂಕ ಬೀಳಿಸಿ ಹಾಳು ಮಾಡಬೇಕು. ಹಾಳಾದ ರೀತಿ ನೋಡಿ ಉಳಿದವನ್ನು ಹೊರಗೆ ಬಿಡುವುದು. ಅಲ್ಲಿಂದ ನಿವೃತ್ತರಾದ ಮೇಲೆ, ಗಂಡ ಸ್ಟೀವನ ಟ್ರಕ್ಕಿನ ಆಕ್ಸಲ್ ಮುರಿದಾಗ, “ಕೊಡು ಇಲ್ಲಿ” ಎಂದು ಇಸಿದುಕೊಂಡು ಶುರುಮಾಡಿದ ಕೆಲಸದಲ್ಲೂ ಅದೇ ನಿಯಮ. ಹನ್ನೆರಡು ಮಾಡಿದರೆ ಹನ್ನೊಂದು ಮಾರಾಟಕ್ಕೆ.

“ಒಂದು ಸುಮ್ನೆ ಹಾಳು ಮಾಡ್ತೀಯಲ್ಲೇ” ಎಂದು ಸ್ಟೀವ್ ಗೊಣಗಿದ್ದುಂಟು.

“ಸುಮ್ನೆ ಅಲ್ಲ. ಮಿಕ್ಕ ಹನ್ನೊಂದರ ಪರವಾಗಿ ಅದು ಮಾತಾಡುತ್ತೆ.”

ಆ ಚಳಿಗಾಲದಲ್ಲಿ ಕೆಲಸವೇ ನಿಲ್ಲುವ ಹಾಗಿತ್ತು. ಅವರು ಬಾಡಿಗೆಗೆ ಬಳಸುತ್ತಿದ್ದ ಸಣ್ಣ ಕುಲುಮೆಯ ವರ್ಕ್‌ಶಾಪು ಮಾರ್ಚಿ ಕೊನೆಗೆ ಮುಚ್ಚುವುದಿತ್ತು. ನಾಲ್ಕು ಸಾವಿರ ಡಾಲರ್ ಕೊಟ್ಟರೆ ಕುಲುಮೆ ಇವರಿಗೆ, ಇಲ್ಲದಿದ್ದರೆ ಗುಜರಿಗೆ. ಗಿಲ್ ಜನವರಿಯಲ್ಲಿ ಹೇಳಿದ್ದ: ಇನ್ನೂರು ಜೋಡಿ ತಗೊಳ್ತೀನಿ, ಅರ್ಧ ಹಣ ಮುಂಗಡ, ಆದರೆ ಅರ ಜಾರಬೇಕು. “ಗಿರಾಕಿ ಅರ ಎಳೀತಾನೆ, ಕಚ್ಚುತ್ತೆ, ವಾಪಸ್ ಕಳಿಸ್ತಾನೆ. ಆ ಎರಡನೇ ಸಲ ಕಾಯಿಸೋದನ್ನ ಬಿಟ್ಬಿಡಿ. ನಿಮಗೂ ಒಂದು ಕೆಲಸ ಕಮ್ಮಿ.”

ಇನ್ನೂರು ಜೋಡಿಯ ಹಣದಲ್ಲಿ ಕುಲುಮೆ ಬರುತ್ತಿತ್ತು. ಇಲೋನಾ ಆಗ ಉತ್ತರ ಕೊಡಲಿಲ್ಲ. ಮಾರಾಟದ ದಿನ ಕೊಳವೆ ತಂದರು.

ಒಂಬತ್ತಕ್ಕೆ ಬಾಗಿಲು ತೆರೆಯಿತು. ಒಂಬತ್ತೂವರೆಗೆ ಇಲೋನಾ ತಮ್ಮ ಮೇಜು ಬಿಟ್ಟು ಎದುರಿನ ಸಾಲಿಗೆ ಹೋದರು. ಅಲ್ಲಿ ಲೈಲ್ ಬರ್ಡಿಕ್ ಎರಡು ಹೆರನ್ ಪೊಟ್ಟಣಗಳನ್ನು ಕಪ್ಪು ಮಖಮಲ್ಲಿನ ಮೇಲೆ ಇಟ್ಟುಕೊಂಡು ಕೂತಿದ್ದ. ನಿವೃತ್ತ ಬಸ್ ಚಾಲಕ. ಗಾಡಿ ಒಂದೂ ಓಡಿಸುವುದಿಲ್ಲ, ಭಾಗ ಮಾತ್ರ ಕೂಡಿಡುತ್ತಾನೆ.

“ಒಂದು ಜೋಡಿ ಕೊಡಪ್ಪ.”

“ನೀವಾ? ನಿಮ್ಮದೇ ಬೆಣ್ಣೆ ಇದೆಯಲ್ಲ ಮೇಜಿನ ತುಂಬಾ!”

“ಬ್ರೆಡ್ಡಿಗೆ ಸಾಕಾಗ್ತಿಲ್ಲ. ಮುನ್ನೂರು ತಾನೆ?” ಕೈಚೀಲದಿಂದ ಅವರು ತೆಗೆದದ್ದು ಆ ತಿಂಗಳ ಕುಲುಮೆ ಬಾಡಿಗೆಗೆಂದು ಇಟ್ಟಿದ್ದ ಹಣ. ಚೌಕಾಸಿ ಮಾಡಲಿಲ್ಲ. ಪೊಟ್ಟಣ ತಂದು ತಮ್ಮ ಮೇಜಿನ ಮೇಲಿಟ್ಟು ಕತ್ತರಿ ಹುಡುಕತೊಡಗಿದರು.

ಲೈಲ್ ಎದ್ದು ಓಡಿ ಬಂದ. “ಅಮ್ಮಾ ತಾಯಿ, ಏನ್ಮಾಡ್ತಿದ್ದೀರಿ? ಹರೀಬೇಡ್ರೀ! ಪೊಟ್ಟಣಕ್ಕೆ ಹೊಡೆದಿರೋ ಆ ಪಿನ್ನೂ ಎಂಬತ್ತೊಂಬತ್ತನೇ ಇಸವಿದು!”

“ಪಿನ್ನು ಬೇಕಾದ್ರೆ ನೀನೇ ಇಟ್ಕೋ.”

ಕೊಕ್ಕರೆಯ ಚಿತ್ರದ ಅಡ್ಡಕ್ಕೆ ಕತ್ತರಿ ಹಾಯಿತು. ಆಮೇಲೆ ನಡೆದದ್ದಕ್ಕಿಂತ ಈ ಗಳಿಗೆಯೇ ನಮ್ಮವರಿಗೆ ಹೆಚ್ಚು ನೋವು ಕೊಟ್ಟಿತು. ಅಡುಗೆಮನೆಯಲ್ಲಿ ಎಲೆಕೋಸಿನ ಸುರುಳಿ ಬೇಯಿಸುತ್ತಿದ್ದ ಸ್ಟೀವ್ ಏಪ್ರನ್ನಿನಲ್ಲೇ ಬಾಗಿಲಿಗೆ ಬಂದು ನಿಂತ. ಹೆಂಡತಿಯ ಕೈಯಲ್ಲಿದ್ದುದನ್ನೂ ಲೈಲನ ಕೈಯಲ್ಲಿದ್ದ ನೋಟುಗಳನ್ನೂ ನೋಡಿ, ಸೌಟನ್ನು ಏಪ್ರನ್ನಿಗೆ ಒರೆಸಿಕೊಂಡ.

ಇಲೋನಾ ಹೆರನ್ ಎರಡನ್ನೂ ತಮ್ಮ ಆಕ್ಸಲ್ ಎರಡನ್ನೂ ಒಂದು ತಟ್ಟೆಯಲ್ಲಿಟ್ಟು ಹೊರಗೆ ಹಿಮದ ರಾಶಿಯಲ್ಲಿ ಹೂತು ಬಂದರು. ಹೊಸವರ್ಷದ ದಿನ ನಾವು ಹಿಮದ ಮೇಲೆ ಓಡಿಸುವಾಗಲೇ ಆಕ್ಸಲ್‌ಗಳು ಹೆಚ್ಚು ಹಾಳಾಗುವುದು. ಪರೀಕ್ಷೆಯೂ ಅದೇ ಚಳಿಯಲ್ಲಿ ಆಗಲಿ ಎಂದರು. ತಮ್ಮ ಎರಡನ್ನು ಅವರು ತಾವೇ ಆರಿಸಲಿಲ್ಲ. “ರಾಶಿಯಿಂದ ನೀನೇ ತೆಗಿ. ಆಮೇಲೆ ಆರಿಸಿ ತಂದ್ರು ಅನ್ಬೇಡ” ಎಂದು ಗಿಲ್‌ನಿಂದ ತೆಗೆಸಿದ್ದರು.

ಕಾಲು ಗಂಟೆಯ ನಂತರ ಹೆರನ್ ಒಂದನ್ನು ದಿಮ್ಮಿಗಳ ಸಂದಿನ ಮೇಲೆ ಅಡ್ಡ ಇಟ್ಟರು. ಐದು ಪೌಂಡಿನ ಉಕ್ಕಿನ ಗುಂಡನ್ನು ಕೊಳವೆಯ ಮೇಲ್ತುದಿಯಲ್ಲಿ ಹಿಡಿದು, ಲೈಲನ ಕಡೆ ನೋಡಿದರು.

“ನೀನು ಬಿಡ್ತೀಯಾ?”

“ನನ್ನ ಕೈಯಿಂದ ಆ ಪಾಪ ಬೇಡ.”

ಗುಂಡು ಬಿತ್ತು. ಟಣ್ ಎಂಬ ಸದ್ದು. ಆಕ್ಸಲ್ ಎರಡು ತುಂಡಾಗಿ ಒಂದು ತುಂಡು ಕುರ್ಚಿಗಳ ಕೆಳಗೆ ಹಾರಿತು. ಮುರಿದ ಮುಖ ಸಕ್ಕರೆಯ ಹಾಗೆ ಮಿನುಗುತ್ತಿತ್ತು.

“ಒಂದು ಕೆಟ್ಟದು ಇರಬಹುದು” ಎಂದ ಹಿಂದಿನಿಂದ ಯಾರೋ.

“ಇರಬಹುದು. ಅದಕ್ಕೇ ಎರಡು ಕೊಂಡಿದ್ದು.” ಎರಡನೆಯದೂ ಹಾಗೆಯೇ ಹೋಯಿತು.

ಅವರ ಆಕ್ಸಲ್ ಮೇಲೆ ಅದೇ ಗುಂಡು ಅದೇ ಎತ್ತರದಿಂದ ಬಿದ್ದಾಗ ಮಂದವಾದ ಸದ್ದು ಬಂತು. ಎತ್ತಿ ತೋರಿಸಿದರು: ಸೌತೆಕಾಯಿಯ ಹಾಗೆ ಬಾಗಿತ್ತು, ಬಿರುಕಿರಲಿಲ್ಲ. ಎರಡನೆಯದು ಇನ್ನೂ ಸ್ವಲ್ಪ ಹೆಚ್ಚು ಬಾಗಿತು.

ಲೈಲ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. “ಬಾಗಿದ್ದನ್ನ ಇಟ್ಕೊಂಡು ಏನ್ಮಾಡೋದು? ಇದೂ ಹೋದ ಹಾಗೇ ತಾನೆ?”

“ಹೋದ ಹಾಗೇ. ಆದ್ರೆ ಬಾಗಿದ್ರೆ ಗಾಡಿ ಕುಂಟ್ಕೊಂಡಾದ್ರೂ ನಿನ್ನ ಕಾಲ ಹತ್ರ ಬರುತ್ತೆ. ಮುರಿದ್ರೆ ತುಂಡು ಗೇರಿನ ಒಳಗೆ ಸಿಕ್ಕಿ ಅದನ್ನೂ ತಿನ್ನುತ್ತೆ. ಮಂಡಿವರೆಗೂ ಹಿಮದಲ್ಲಿ ನಡ್ಕೊಂಡು ಹೋಗಿ ನೀನೇ ಎತ್ಕೊಂಡು ಬರಬೇಕು. ಓಡಿಸಿದ್ರೆ ಗೊತ್ತಾಗ್ತಿತ್ತು ನಿಂಗೆ.”

ಎಲ್ಲರೂ ನಕ್ಕರು. ಲೈಲನೂ ನಕ್ಕ. ನಕ್ಕವನು ನೆಟ್ಟಗೆ ತನ್ನ ಮೇಜಿಗೆ ಹೋಗಿ, ಉಳಿದಿದ್ದ ಒಂದೇ ಹೆರನ್ ಪೊಟ್ಟಣದ ಬೆಲೆ ಚೀಟಿ ತೆಗೆದು ಹೊಸದು ಬರೆದ: ಮುನ್ನೂರ ಎಂಬತ್ತು.

“ಏನಯ್ಯಾ ಇದು? ಈಗ ತಾನೆ ಕಣ್ಣೆದುರು ಮುರೀತಲ್ಲ!” ಎಂದ ಗಿಲ್.

“ಅದಕ್ಕೇ! ಬೆಳಗ್ಗೆ ಇದ್ದಿದ್ದಕ್ಕಿಂತ ಲೋಕದಲ್ಲಿ ಒಂದು ಜೋಡಿ ಕಮ್ಮಿ ಆಯ್ತಲ್ಲ.”

ಊಟದ ಹೊತ್ತಿಗಿಂತ ಮುಂಚೆಯೇ ಡೆಟ್ರಾಯಿಟ್‌ನಿಂದ ಬಂದವರೊಬ್ಬರು ಅದನ್ನು ಅಷ್ಟಕ್ಕೇ ಕೊಂಡರು. ಇಲೋನಾಗೆ ಇದರಿಂದ ಬೇಸರವೇನೂ ಆಗಲಿಲ್ಲ. “ಅವನು ಪೊಟ್ಟಣ ಮಾರ್ತಾನೆ. ಪೊಟ್ಟಣಕ್ಕೆ ಅದು ಸರಿಯಾದ ಬೆಲೇನೇ. ಅವನ ಲೆಕ್ಕದಲ್ಲಿ ತಪ್ಪಿಲ್ಲ” ಎಂದು ಎಲೆಕೋಸಿನ ಸುರುಳಿಯ ಮೇಲೆ ಹುಳಿಕೆನೆ ಸುರಿದುಕೊಂಡರು. ತಮ್ಮ ಮೇಜಿನ ಮೇಲಿದ್ದುದೆಲ್ಲ ಆಗಲೇ ಹೋಗಿತ್ತು. ಕೊಂಡವರಲ್ಲಿ ಅರ ಎಳೆದು ನೋಡಿದವರು ಇಬ್ಬರು, ಅದೂ ಅಭ್ಯಾಸಬಲದಿಂದ.

ಗಿಲ್ ತನ್ನ ತಟ್ಟೆ ತಂದು ಅವರ ಎದುರು ಕೂತ. “ಸರಿ, ನೀವು ಗೆದ್ರಿ. ಎರಡನೇ ಸಲವೂ ಕಾಯ್ಸಿ, ಇನ್ನೂರು ಜೋಡಿ. ಆದ್ರೆ ಬೆಲೆ ನನಗೆ ಬಿಡಿ. ಈ ಕಥೆ ಜೊತೆಗೆ ಮಾರಿದ್ರೆ ತೊಂಬತ್ತು ಬರುತ್ತೆ. ನಿಮಗೆ ಅರವತ್ತು. ಕುಲುಮೆ ಎರಡು ಸಲ ಕೊಳ್ಳಬಹುದು.”

“ಒಂದೇ ಸಾಕು.”

“ನಾನು ತಮಾಷೆ ಮಾಡ್ತಿಲ್ಲ ಇಲೋನಾ.”

“ನಾನೂ ಮಾಡ್ತಿಲ್ಲ ಕಣಪ್ಪ. ತೊಂಬತ್ತು ಕೊಟ್ಟು ಕೊಂಡವನು ಅದನ್ನ ಗಾಡಿಗೆ ಹಾಕ್ತಾನಾ? ಗೋಡೆಗೆ ನೇತು ಹಾಕ್ತಾನೆ. ಗೋಡೆ ಮೇಲೆ ಇರೋದು ಬಾಗೋಲ್ಲ, ಮುರಿಯೋಲ್ಲ. ಇಪ್ಪತ್ತೆಂಟು ವರ್ಷ ಹೆರನ್‌ಗೆ ಆಗಿದ್ದು ಅದೇ ತಾನೆ? ಎಲ್ರೂ ಕೊಂಡ್ರು, ಯಾರೂ ಹಾಕ್ಲಿಲ್ಲ, ಯಾರಿಗೂ ಗೊತ್ತಾಗ್ಲಿಲ್ಲ. ಬಾಗಿದ್ರೆ ಇನ್ನೊಂದು ಕೊಳ್ಳೋಣ ಬಿಡು ಅನ್ನೋ ಹಾಗಿರಬೇಕು ಬೆಲೆ.”

ಗಿಲ್ ಫೋರ್ಕ್ ಕೆಳಗಿಟ್ಟ. ಒಪ್ಪಿಗೆಯಾಗದಿದ್ದರೆ ಮಾರ್ಚಿ ಕೊನೆಗೆ ಕುಲುಮೆ ಗುಜರಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು; ಬಾಗಿಲಲ್ಲಿ ನಿಂತ ಸ್ಟೀವನಿಗೂ. ಇಲೋನಾ ತಿನ್ನುವುದನ್ನು ನಿಲ್ಲಿಸಲಿಲ್ಲ.

“ಹಾಗಾದ್ರೆ ಪೊಟ್ಟಣದ ಮೇಲೆ ಬೆಲೆ ಎಷ್ಟಂತ ಅಚ್ಚು ಹಾಕಿಸ್ಲಿ?” ಎಂದ ಗಿಲ್ ಕೊನೆಗೆ. “ಉಕ್ಕು, ಎಣ್ಣೆ, ಹಾಳು ಮಾಡೋ ಹನ್ನೆರಡನೇದು, ನನ್ನ ಪಾಲು, ನಿಮ್ಮ ಕುಲುಮೆ, ಎಲ್ಲಾ ಸೇರಿ? ಜೋರಾಗಿ ಹೇಳಿ, ಎಲ್ರೂ ಕೇಳಿಸ್ಕೊಳ್ಳಿ. ನಾಳೆ ನಾನೇ ಏರಿಸಿದೆ ಅನ್ನೋದು ಬೇಡ.”

ಏಪ್ರಿಲ್ ಮೊದಲ ವಾರ ನಾವು ಆರು ಜನ ಸೇರಿ ಆ ಕುಲುಮೆಯನ್ನು ಬೊದ್ನಾರ್ ಮನೆಯ ಗ್ಯಾರೇಜಿಗೆ ಇಳಿಸಿದೆವು. ಇಳಿಸುವಾಗ ನನ್ನ ಹೆಬ್ಬೆರಳಿನ ಉಗುರು ಹೋಯಿತು. ಇಲೋನಾ ಮೊದಲು ಕುಲುಮೆ ಸಮತಟ್ಟಾಗಿ ಕೂತಿದೆಯೇ ಎಂದು ನೋಡಿ, ಆಮೇಲೆ ನನಗೆ ಐಸು ಕೊಟ್ಟರು. ಅದು ಈಗಲೂ ಉರಿಯುತ್ತದೆ. ಗಿಲ್ ಇನ್ನೂರರ ಮೇಲೆ ಎಷ್ಟೋ ಇನ್ನೂರು ತರಿಸಿಕೊಂಡಿದ್ದಾನೆ. ನಮ್ಮ ಗಾಡಿಗಳಲ್ಲಿ ಬಾಗಿದ ಆಕ್ಸಲ್‌ಗಳನ್ನು ನಾವು ಕ್ಲಬ್ಬಿನ ಬಾಗಿಲಿಗೆ ಕೋಟಿನ ಗೂಟಗಳಾಗಿ ಹೊಡೆದಿದ್ದೇವೆ. ಉಕ್ಕಿನ ಬೆಲೆ ಎರಡು ಸಲ ಏರಿತು, ಒಂದು ಸಲ ಇಳಿಯಿತು. ಪೊಟ್ಟಣದ ಮೇಲಿನ ಅಚ್ಚು ಮಾತ್ರ ಬದಲಾಗಿಲ್ಲ. ಆ ಶನಿವಾರ ಇಲೋನಾ ಬಾಯಿ ಒರೆಸಿಕೊಂಡು, ಕುರ್ಚಿಯಿಂದ ಎದ್ದು ನಿಂತು, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದ್ದೇ ಅದರ ಮೇಲಿದೆ:

“ಜೋಡಿಗೆ ಮೂವತ್ತೆಂಟು ಡಾಲರ್.”