ಬಾಯಮ್ಮನ ನಡಿಗೆ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಮೇಲಿತ್ತು. ಕೈಚೀಲವನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಬದಿಯಲ್ಲೇ ಸರಿದು ಹೋಗುತ್ತಿದ್ದರು. ಕುದ್ರೋಳಿಯ ನಮ್ಮ ಓಣಿಗೆ ಅವರು ಟೈಲರ್ ಬಾಯಮ್ಮ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯಬಲ್ಲವರು. ಅಳತೆಗೆಂದು ಹೊಟ್ಟೆ ಒಳಗೆಳೆದುಕೊಂಡ ಮದುಮಗಳಿಗೆ, "ಉಸಿರು ಬಿಡು, ಆ ದಿನ ಊಟ ಮಾಡ್ಲಿಕ್ಕುಂಟಲ್ಲ" ಎನ್ನುತ್ತಿದ್ದರು.

ನಾನು ಹೆಂಚಿನ ಕಾರ್ಖಾನೆಯ ಗುಮಾಸ್ತ. ಹೆಸರು ಬಂದದ್ದು ಮಾತ್ರ ಜನರ ನಡಿಗೆ ನಕಲು ಮಾಡುವುದರಿಂದ. ಪಾದ್ರಿ, ಪೋಸ್ಟ್‌ಮ್ಯಾನ್, ನನ್ನದೇ ಕೋಲುಕಾಲು, ಯಾವುದನ್ನೂ ಬಿಟ್ಟವನಲ್ಲ. ನೆರೆಮನೆಯಲ್ಲಿ ಮದುವೆಯ ಮುನ್ನಾದಿನ, ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ, ಬಾಯಮ್ಮನ ನಡಿಗೆ ಮಾಡಿ ತೋರಿಸಿದೆ. ಚಪ್ಪರವಿಡೀ ನಕ್ಕಿತು. ಬಾಯಮ್ಮ ಬಾಗಿಲಲ್ಲೇ ನಿಂತಿದ್ದರು.

ಆಮೇಲೆ ಅವರು ಇಗರ್ಜಿಗೆ ಹೋಗುವುದನ್ನು ಬಿಟ್ಟರು. ತಿಂಗಳಲ್ಲಿ ಸ್ವಂತ ಮಗಳ ಮದುವೆ. ಅದಕ್ಕೂ ಬರುವುದಿಲ್ಲ, ಅಡುಗೆಮನೆಯಲ್ಲೇ ಇರುತ್ತೇನೆ ಎಂದರಂತೆ.

"ಆಪರೇಷನ್ ಮಾಡಿ ಅವರ ಎಡಬದಿಯ ಎದೆಯನ್ನೇ ತೆಗೆದಿದ್ದಾರೆ," ಎಂದರು ನನ್ನ ಅಮ್ಮ. "ಅಲ್ಲಿ ಇಟ್ಟ ಹತ್ತಿ ಜಾರದ ಹಾಗೆ ಒತ್ತಿ ಹಿಡಿಯುವುದು. ನಿನಗೆ ತಮಾಷೆ."

ಕ್ಷಮೆ ಕೇಳಲು ಹೋದೆ. "ಅದೆಲ್ಲ ಮತ್ತೆ. ಮೊದಲು ನನ್ನ ಹಾಗೆ ನಡೆದು ತೋರಿಸು," ಎಂದರು ಬಾಯಮ್ಮ. "ಕನ್ನಡಿಯಲ್ಲಿ ನಿಂತದ್ದು ಕಾಣ್ತದೆ, ನಡೆಯುವುದು ಕಾಣುವುದಿಲ್ಲ ಮಾರಾಯ. ನಡಿ."

ನಡೆದೆ. ಬಟ್ಟೆಯ ಹೊಲಿಗೆ ಪರೀಕ್ಷಿಸುವಂತೆ ನೋಡಿ, "ಹತ್ತಿಗೆ ಭಾರ ಇಲ್ಲ. ಅದಕ್ಕೇ ಭುಜ ಮೇಲೆ ಹೋಗ್ತದೆ," ಎಂದರು.

ಭಾರಕ್ಕೆಂದು ಬೆಂಗ್ರೆಯ ಮಾವನ ಬೀಸುಬಲೆಯಿಂದ ಸೀಸದ ಗುಂಡುಗಳನ್ನು ಬಿಚ್ಚಿ ತಂದೆ. ಅವರು ಹತ್ತಿಯ ನಡುವೆ ಅವನ್ನಿಟ್ಟು ರವಿಕೆಯೊಳಗೆ ಚೀಲ ಹೊಲಿದರು. ಒಂದೊಂದೇ ಗುಂಡು ಸೇರಿಸಿ ನಡೆಯುವುದು ಅವರು, ಕಂಡದ್ದನ್ನು ಹಾಗೆಯೇ ನಡೆದು ತೋರಿಸುವುದು ನಾನು. "ಈಗ ಎಂತ, ಎಡಕ್ಕೆ ವಾಲಿದ ದೋಣಿಯಾ?" ಎಂದು ಅವರೇ ನಕ್ಕರು. ನಾಲ್ಕನೆಯ ಸಂಜೆ ನಕಲು ಮಾಡಲು ನನಗೆ ಏನೂ ಸಿಗಲಿಲ್ಲ.

ಮಗಳ ಮದುವೆಗೆ ಬಾಯಮ್ಮ ಎರಡೂ ಕೈ ಬೀಸಿಕೊಂಡು ಇಗರ್ಜಿಯ ನಟ್ಟನಡುವೆ ನಡೆದರು. ಹಿಂದಿನ ಬೆಂಚಿನವನೊಬ್ಬ ನನಗೆ ಕಣ್ಣು ಮಿಟುಕಿಸಿ ತನ್ನ ಭುಜ ಎತ್ತಿದ. ಅವರು ಅದನ್ನು ಕಂಡರು, ಹೆಜ್ಜೆ ನಿಲ್ಲಿಸಲಿಲ್ಲ.

ಮೂರು ವರ್ಷದಲ್ಲಿ ಕಾಯಿಲೆ ಮರಳಿತು. ನಾನು ಕ್ಷಮೆಯ ಮಾತೆತ್ತಿದಾಗಲೆಲ್ಲ "ಮತ್ತೆ ನೋಡುವ" ಎಂದರು, ಕೊನೆಯವರೆಗೂ.

ಅವರನ್ನು ಮಣ್ಣು ಮಾಡಿ ಬರುವಾಗ ಗೆಳೆಯನೊಬ್ಬ ಪ್ರೀತಿಯಿಂದಲೇ ಕೇಳಿದ: "ಅವರ ನಡಿಗೆ ಒಮ್ಮೆ ಮಾಡು ಮಾರಾಯ." ಅವನು ಕೇಳಿದ್ದು ಭುಜ ಎತ್ತಿದ ನಡಿಗೆಯನ್ನು. ಓಣಿಗೆ ನೆನಪಿದ್ದದ್ದು ಅದೊಂದೇ. ಅದನ್ನು ಕಲಿಸಿಕೊಟ್ಟವನು ನಾನು.